ಪಾದರಕ್ಷೆ ಕಳಚಿದ ಎರಡು ತಾಣಗಳು

ದಾವಣಗೆರೆಯಿಂದ ಹೊರಟು, ಕಡಲನ್ನು ದಾಟಿ, ಜಪಾನು ದೇಶದ ನಾವೋಶಿಮಾ ಎಂಬ ಸಣ್ಣ ನಡುಗಡ್ಡೆಯನ್ನು ನಾವು ನೋಡಿಬಂದೆವು. ನವೀನ ಕಲೆಗೂ ಕಟ್ಟಡಗಳಿಗೂ ಅದು ಹೆಸರಾದುದು. ತಡಾವೊ ಆಂಡೋ ಎಂಬ ವಾಸ್ತುಶಿಲ್ಪಿಯು ಅಲ್ಲಿನ ಗುಡ್ಡದ ಒಡಲಲ್ಲಿ ರಚಿಸಿದ ಚಿಚು ಚಿತ್ರಶಾಲೆಯು 2004ರಲ್ಲಿ ತೆರೆಯಿತು. ಫ್ರಾನ್ಸಿನ ಮೋನೆಯು ಬರೆದ ನೈದಿಲೆಯ ಚಿತ್ರಗಳಿರುವ ಕೋಣೆಗೆ ಪಾದರಕ್ಷೆಯನ್ನು ಕಳಚಿಯೇ ಹೋಗಬೇಕು. ಒಳಗೆ ದೀಪವಿಲ್ಲ, ಆಕಾಶದ ಬೆಳಕೊಂದೇ. ನಾವು ಮಾತು ಮರೆತು ಬಹಳ ಹೊತ್ತು ನಿಂತೆವು.

ಮನೆಗೆ ಬಂದು ಇದನ್ನು ಬಣ್ಣಿಸಲು, ನಮ್ಮ ತಾಯಿಯವರು, “ಕೆರ ಬಿಟ್ಟು ಹೋದ್ರಾ? ಹಂಗಾದ್ರೆ ಒಳಗೆ ಯಾವ ದೇವರೈತಪ್ಪಾ?” ಎಂದು ಕೇಳಿದರು. ನಾವು ನಕ್ಕು ಸುಮ್ಮನಾದೆವು.

ಮರುವಾರ ಅವರನ್ನು ಸುಮಾರು 14 ಕಿಲೋಮೀಟರು ದೂರದ ಹರಿಹರಕ್ಕೆ ಕರೆದೊಯ್ದೆವು. ಪೊರೆ ಬಂದು ಅವರ ಕಣ್ಣು ಮಂಜಾಗಿದೆ. ತುಂಗಭದ್ರೆಯ ದಡದ ಆ ಹರಿಹರೇಶ್ವರ ದೇಗುಲವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಬಲಭಾಗ ಶಿವ, ಎಡಭಾಗ ವಿಷ್ಣು, ಮೂರ್ತಿಯೊಂದೇ. ಬಾಲ್ಯದಿಂದಲೂ ನಾವು ಅಲ್ಲಿ ಕೆರ ಕಳಚಿದ್ದೇವೆ, ಕೈಮುಗಿದಿದ್ದೇವೆ, ಪ್ರಸಾದವನ್ನು ಪಡೆದು ಮರಳಿದ್ದೇವೆ. ಒಮ್ಮೆಯೂ ತಲೆಯೆತ್ತಿ ನೋಡಿದವರಲ್ಲ.

ತಾಯಿಯವರು ನುಣ್ಣಗೆ ಕಡೆದ ಕಂಬವೊಂದನ್ನು ಅಂಗೈಯಿಂದ ಸವರುತ್ತ, ಮೇಲೆ ಏನಿದೆಯೆಂದು ಕೇಳಿದರು. ಕಮಲವೆಂದೆವು. ಎಸಳೆಷ್ಟು ಎಂದರು. ಎಣಿಸತೊಡಗಿದೆವು, ನಡುವೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆವು. ಅವರಿಗೆ ಕಣ್ಣಾಗಲು ಹೋಗಿ, ನಮ್ಮೂರ ಮಗ್ಗುಲ ಗುಡಿಯನ್ನು ನಾವು ಅಂದೇ ಮೊದಲು ಕಂಡೆವು.