ಎರಡು ಭಾಷೆ ಬಲ್ಲ ಒಬ್ಬರು ಬೇಕು

ಒಡಿಶಾದಿಂದಲೋ ಪಶ್ಚಿಮ ಬಂಗಾಳದಿಂದಲೋ ದುಡಿಯಲು ಕೊಚ್ಚಿಗೆ ಬಂದವರ ಮಗು ಅಲ್ಲಿನ ಶಾಲೆ ಸೇರಿದರೆ ಅದಕ್ಕೆ ಏನೇನು ನೆರವು ಬೇಕು ಎಂದು ಕೇಳಿ ನೋಡಿ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಎಂಬ ಉತ್ತರ ಬರುತ್ತದೆ. ಇವೆಲ್ಲ ಬೇಕೇ ಬೇಕು. ಆದರೆ ಆ ಮಗು ಶಾಲೆಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದು, ಅದರ ಭಾಷೆಯನ್ನೂ ಆ ಊರಿನ ಭಾಷೆಯನ್ನೂ ಬಲ್ಲ ಒಬ್ಬರು ತರಗತಿಯೊಳಗೆ ಇದ್ದಾರೆಯೇ ಎಂಬುದರ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಉಳಿದ ಸವಲತ್ತುಗಳೆಲ್ಲ ಆ ಒಬ್ಬರಿದ್ದರೆ ಮಾತ್ರ ಮಗುವಿಗೆ ದಕ್ಕುತ್ತವೆ. ಕೇರಳದಲ್ಲಿರುವ ಹೊರರಾಜ್ಯದ ಕಾರ್ಮಿಕರು ಸುಮಾರು 25 ಲಕ್ಷ ಎಂದು ತಿರುವನಂತಪುರದ ಗುಲಾಟಿ ಸಂಸ್ಥೆಯ ಅಧ್ಯಯನ 2013ರಲ್ಲೇ ಅಂದಾಜಿಸಿತ್ತು. ಒಂಟಿಯಾಗಿ ಬಂದವರು ಮೆಲ್ಲಗೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡರೆ, ಪ್ರಶ್ನೆ ನೇರ ಒಂದನೇ ತರಗತಿಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಎರ್ನಾಕುಲಂ ಜಿಲ್ಲಾಡಳಿತ 2017ರಲ್ಲಿ ಶುರುಮಾಡಿದ ‘ರೋಶ್ನಿ’ ಯೋಜನೆ ಈ ಕೊರತೆಗೇ ಕೈಹಾಕಿತು. ಕೈಗಾರಿಕಾ ಪ್ರದೇಶಕ್ಕೆ ಹತ್ತಿರವಿರುವ ಬಿನಾನಿಪುರಂ ಸರ್ಕಾರಿ ಪ್ರೌಢಶಾಲೆ ಅದರ ಪ್ರಯೋಗಶಾಲೆಯಾಯಿತು. ಶಾಲೆಯ ಗಂಟೆ ಹೊಡೆಯುವ ಮುನ್ನ ಒಂದೂವರೆ ತಾಸಿನ ತರಗತಿ, ಬೆಳಗಿನ ತಿಂಡಿ, ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸ್ವಯಂಸೇವಕರು. ಪಾಠ ಮಗುವಿನ ಭಾಷೆಯಲ್ಲಿ ಆರಂಭವಾಗಿ ಮಲಯಾಳಕ್ಕೆ ಹೊರಳುತ್ತದೆ, ಎಡವಿದಲ್ಲಿ ಮತ್ತೆ ಹಿಂದಕ್ಕೆ ಬರುತ್ತದೆ. ಒಂದು ಸಣ್ಣ ಲೆಕ್ಕವನ್ನೇ ತೆಗೆದುಕೊಳ್ಳಿ: ಅಂಗಡಿಯಲ್ಲಿದ್ದ 24 ಮಾವಿನಹಣ್ಣಿನಲ್ಲಿ 9 ಮಾರಾಟವಾದರೆ ಉಳಿದದ್ದೆಷ್ಟು? ಬಂಗಾಳದ ಶಾಲೆಯಲ್ಲಿ ಎರಡು ವರ್ಷ ಓದಿ ಬಂದ ಹುಡುಗಿಗೆ ಕಳೆಯುವುದು ಚೆನ್ನಾಗಿಯೇ ಗೊತ್ತು. ಕಳೆಯಬೇಕು ಎಂದು ಪ್ರಶ್ನೆ ಹೇಳುತ್ತಿದೆ ಎಂಬುದಷ್ಟೇ ಗೊತ್ತಾಗುವುದಿಲ್ಲ. ಯಾರಾದರೂ ಬಂಗಾಳಿಯಲ್ಲಿ ಅದನ್ನೊಂದು ಸಲ ಹೇಳಿದರೆ ಸ್ಲೇಟಿನ ಮೇಲೆ 15 ಮೂಡುತ್ತದೆ. ಹೇಳುವವರು ಇಲ್ಲದಿದ್ದರೆ ಅವಳು ಗಣಿತದಲ್ಲಿ ಹಿಂದೆ ಎಂಬ ಷರಾ ಬೀಳುತ್ತದೆ, ಕೆಲವೇ ತಿಂಗಳಲ್ಲಿ ಅವಳೂ ಅದನ್ನು ನಂಬಿಬಿಡುತ್ತಾಳೆ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಊರು ಬಿಡದೆಯೇ ರಾಜ್ಯ ಬದಲಿಸಿದವರು ನಾವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯುವ ಅನುಕೂಲ ಇರಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ಇಲ್ಲಿ ಕನ್ನಡ ಮಾಧ್ಯಮ ಉಳಿದಿದೆ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ. ಹಾಗಿದ್ದೂ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ಹೆತ್ತವರು, ಮಕ್ಕಳು ಪ್ರತಿಭಟನೆಗೆ ಕೂತದ್ದಿದೆ, ಕೋರ್ಟಿನ ಮೆಟ್ಟಿಲು ಹತ್ತಿದ್ದಿದೆ. ಕಟ್ಟಡವಿತ್ತು, ಕನ್ನಡ ಪುಸ್ತಕವಿತ್ತು, ಮೇಜಿನಾಚೆ ಶಿಕ್ಷಕರೂ ಇದ್ದರು. ಪಾಠ ಮಾತ್ರ ಈಚೆಗೆ ದಾಟಲಿಲ್ಲ. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಯ ಕೂಲಿಯ ಮಗು ದಿನವೂ ಅನುಭವಿಸುವುದು ಇದನ್ನೇ. ನಮಗಾದರೋ ತಲೆಮಾರುಗಳ ನೆಲೆಯಿದೆ, ಸಂಘಟನೆಗಳಿವೆ, ಈ ಊರಲ್ಲೇ ಮತವಿದೆ. ಬಾಡಿಗೆ ಕೋಣೆಯಲ್ಲಿರುವ ಆ ಕುಟುಂಬಕ್ಕೆ ಇದಾವುದೂ ಇಲ್ಲ.

ಮಕ್ಕಳು ಆಡುತ್ತ ಆಡುತ್ತಲೇ ಹೊಸ ಭಾಷೆ ಕಲಿತುಬಿಡುತ್ತಾರೆ, ಇದಕ್ಕೆಲ್ಲ ಖರ್ಚೇಕೆ ಎನ್ನುವವರಿದ್ದಾರೆ. ಆಟದ ಭಾಷೆಯ ಮಟ್ಟಿಗೆ ಅದು ನಿಜ. ಆದರೆ ಕೆನಡಾಕ್ಕೆ ವಲಸೆ ಬಂದ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದ ಜಿಮ್ ಕಮಿನ್ಸ್ ಕಂಡುಕೊಂಡಂತೆ, ಮಾತುಕತೆಯ ಭಾಷೆ ಎರಡು ವರ್ಷಗಳ ಸುಮಾರಿಗೆ ಕೈಗೆ ಬಂದರೂ ಪಠ್ಯದ ಭಾಷೆಯಲ್ಲಿ ಸ್ಥಳೀಯ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಅಂಗಳದಲ್ಲಿ ಸಲೀಸಾಗಿ ಮಲಯಾಳ ಮಾತಾಡುವ ಹುಡುಗನಿಗೆ ವಿಜ್ಞಾನದ ಪಾಠ ತಲೆಗೆ ಹತ್ತದಿದ್ದರೆ ಸೋಮಾರಿ ಎಂದು ಗದರುವುದು ಅನ್ಯಾಯ. ಮನೆಭಾಷೆಯ ಆಸರೆ ಕೊಟ್ಟರೆ ಊರಿನ ಭಾಷೆ ಹಿಂದೆ ಬೀಳುತ್ತದೆ ಎಂಬ ಭಯವೂ ಇದೆ. ಮೀನಿಗೆ ತುಳುವಿನಲ್ಲಿ ಚೌಕಾಸಿ ಮಾಡಿ, ವಿಲೇಜ್ ಆಫೀಸಿನಲ್ಲಿ ಮಲಯಾಳದಲ್ಲಿ ವಿಚಾರಿಸಿ, ಸಂಜೆ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿಕೊಡುವ ತಾಯಂದಿರಿರುವ ನೆಲ ನಮ್ಮದು; ಇಲ್ಲಿ ಒಂದು ಭಾಷೆ ಇನ್ನೊಂದನ್ನು ತಿಂದುಹಾಕಿಲ್ಲ. ಇವರು ಹೇಗೂ ನಾಳೆ ಹೊರಟುಹೋಗುವವರು ಎನ್ನುವ ವಾದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಉತ್ತರವಿದೆ. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗುವಿಗೆ ವಿಶೇಷ ತರಬೇತಿ ಕೊಡಬೇಕು ಎಂದು ಅದು ಹೇಳುತ್ತದೆ. ಊರೂರು ಅಲೆಯುವವರನ್ನು ಮನಸ್ಸಿನಲ್ಲಿಟ್ಟೇ ಬರೆದ ಮಾತಿದು.

ಗಡಿನಾಡಿನಲ್ಲಿ ಕೇಳಿಬರುವ ಇನ್ನೊಂದು ಮಾತು ಹೆಚ್ಚು ನೋಯಿಸುವಂಥದು: ನಮ್ಮ ಕನ್ನಡಕ್ಕೇ ಶಿಕ್ಷಕರಿಲ್ಲ, ಬಂಗಾಳಿಯವರ ಚಿಂತೆ ನಮಗೇಕೆ? ಆ ನೋವನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ನಮ್ಮ ಬೇಡಿಕೆಯ ಬಲ ಇರುವುದು ಸಂಖ್ಯೆಯಲ್ಲಲ್ಲ, ಅರ್ಥವಾಗದ ಭಾಷೆಯಲ್ಲಿ ಯಾವ ಮಗುವನ್ನೂ ಕೂರಿಸಬಾರದು ಎಂಬ ತತ್ವದಲ್ಲಿ. ಪಕ್ಕದ ಬೆಂಚಿನ ಮಗುವಿಗೆ ಅದನ್ನು ನಿರಾಕರಿಸಿ ನಮಗೆ ಮಾತ್ರ ಕೇಳಿದರೆ ಆ ಬೇಡಿಕೆ ಗಟ್ಟಿಯಾಗಿ ನಿಲ್ಲದು. ಇಷ್ಟಕ್ಕೂ ಎರಡು ಭಾಷೆ ಬಲ್ಲವರು ಆಯಾ ಬಿಡಾರಗಳಲ್ಲೇ ಸಿಗುತ್ತಾರೆ. ಹತ್ತನೆಯವರೆಗೆ ಓದಿ, ಗಂಡನೊಂದಿಗೆ ಬಂದು ನೆಲೆಸಿ, ಮಲಯಾಳ ಕಲಿತ ಹೆಣ್ಣುಮಗಳಿಗೆ ತರಬೇತಿ ಕೊಟ್ಟು ಗೌರವಧನ ನಿಗದಿಮಾಡಿದರೆ ಶಾಲೆಗೂ ಕೇರಿಗೂ ನಡುವೆ ಒಬ್ಬರು ಸಿಕ್ಕಂತಾಗುತ್ತದೆ. ರೋಶ್ನಿಗೆ ಕಂಪನಿಯೊಂದರ ಸಿಎಸ್‌ಆರ್ ಹಣದ ನೆರವಿತ್ತು. ಅಂಥ ಹಣ ಯಾವ ವರ್ಷವೂ ನಿಲ್ಲಬಹುದು. ಈ ಹುದ್ದೆ ಶಿಕ್ಷಣ ಇಲಾಖೆಯ ಬಜೆಟ್ಟಿನಲ್ಲಿ, ಜೂನ್ ತಿಂಗಳಿನ ಮೊದಲ ದಿನದಿಂದಲೇ ಇರಬೇಕು. ಕರ್ನಾಟಕಕ್ಕೂ ಈ ಮಾತು ಅನ್ವಯಿಸುತ್ತದೆ. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂಬ 2015ರ ಕಾಯ್ದೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಅದನ್ನು ಜಾರಿಮಾಡುವವರು ಬೆಂಗಳೂರಿನ ಕಟ್ಟಡ ಕಾರ್ಮಿಕರ ಮಕ್ಕಳಿರುವ ಶಾಲೆಗಳಿಗೆ ಕನ್ನಡವನ್ನೂ ಒಡಿಯಾವನ್ನೂ ಬಲ್ಲ ಒಬ್ಬೊಬ್ಬರನ್ನು ಕಳಿಸಲಿ.