ಕೆರೆಯಿಂದ ಕಡಲಿಗೆ, ಐದು ದಿನದಲ್ಲಿ

ಜೂನ್ ಎರಡನೇ ವಾರ ಅಪ್ಪ-ಅಮ್ಮ ಮ್ಯೂನಿಕ್‌ಗೆ ಬರ್ತಿದ್ದಾರೆ. ಅಪ್ಪನಿಗೆ ಈಗ ಅರವತ್ತೆಂಟು. ಹೋದ ವರ್ಷ ಸ್ಟೆಂಟ್ ಹಾಕಿದ ಡಾಕ್ಟರು ‘ಪ್ಲೇನ್ ಹತ್ತಬಹುದು, ಬೆಟ್ಟ ಹತ್ತೋದು ಬೇಡ’ ಅಂದಿದ್ದಾರೆ. ದನ, ಕಾಫಿ, ಮೆಣಸು ಅಂತ ಮೂರು ದಿನ ಕೂಡ ಊರು ಬಿಟ್ಟು ಇದ್ದವರಲ್ಲ ಅವರು. ಇನ್ನೊಂದು ಸಲ ಬರ್ತಾರೆ ಅನ್ನೋ ನಂಬಿಕೆ ನನಗಿಲ್ಲ. ನನಗೆ ಸಿಕ್ಕಿರೋದು ಐದು ದಿನದ ರಜೆ. ಆ ಐದು ದಿನದಲ್ಲಿ ಅವರಿಗೆ ಆಲ್ಪ್ಸ್ ತೋರಿಸಬೇಕು, ಸಮುದ್ರವನ್ನೂ ತೋರಿಸಬೇಕು.

ಆಫೀಸಲ್ಲಿ ಇರೋ ನಮ್ಮವರೆಲ್ಲ ಸ್ವಿಟ್ಜರ್ಲೆಂಡ್ ಅಂದ್ರು. ಅಪ್ಪ-ಅಮ್ಮ ಬಂದ್ರೆ ಯುಂಗ್‌ಫ್ರಾವ್ ಮೇಲೆ ನಿಲ್ಲಿಸಿ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕೋದು ಇಲ್ಲಿ ಒಂಥರಾ ಸಂಪ್ರದಾಯ. ನಾನು ಸ್ಲೊವೇನಿಯ ಆರಿಸಿಕೊಂಡೆ. ಕಾರಣ ಸರಳ, ಅದು ಚಿಕ್ಕ ದೇಶ. ಆಲ್ಪ್ಸ್ ಕೆಳಗಿನ ಬ್ಲೆಡ್ ಕೆರೆಯಿಂದ ಏಡ್ರಿಯಾಟಿಕ್ ದಂಡೆಯ ಪಿರಾನ್‌ಗೆ ಹೈವೇಯಲ್ಲಿ ಎರಡು ಗಂಟೆ ಚಿಲ್ಲರೆ. ಹೆಚ್ಚುಕಮ್ಮಿ ಬೆಂಗಳೂರಿಂದ ಹಾಸನಕ್ಕೆ ಹೋದಷ್ಟು ದೂರ. ಮುದುಕರನ್ನು ದಿನಕ್ಕೆ ಎಂಟು ಗಂಟೆ ಕಾರಲ್ಲಿ ಕೂರಿಸಿಕೊಂಡು ಹೋಗೋದು ನನ್ನ ಪ್ರಕಾರ ಪ್ರವಾಸವೇ ಅಲ್ಲ, ಸಾಗಾಣಿಕೆ.

ಆದ್ರೆ ಆ ಹೈವೇಯಲ್ಲೇ ಹೋದ್ರೆ ನೋಡೋಕೆ ಸಿಗೋದು ಲಾರಿಗಳ ಹಿಂಭಾಗ ಮಾತ್ರ. ಯಾವ ದಾರಿ ಹಿಡಿಯೋದು ಅಂತ ಯೋಚಿಸ್ತಾ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಮ್ಯಾಪ್ ತೋರಿಸಿದೆ. ಮೊದಲ ಎರಡು ರಾತ್ರಿ ಬೊಹಿನ್ ಕೆರೆ ಹತ್ತಿರ ಉಳಿಯೋದು ಅಂತ ಇಟ್ಟುಕೊಂಡಿದ್ದೆ. ಬ್ಲೆಡ್‌ನಷ್ಟು ಜನ ಅಲ್ಲಿರಲ್ಲ, ಕೆರೆ ಮಾತ್ರ ಅದಕ್ಕಿಂತ ದೊಡ್ಡದು. ಅಪ್ಪ ಹಿಮ ಇರುತ್ತಾ, ಚಳಿ ಎಷ್ಟು ಅಂತೇನೂ ಕೇಳಲಿಲ್ಲ. ‘ಆ ಕೆರೆ ನೀರು ಯಾವ ಸಮುದ್ರಕ್ಕೆ ಹೋಗುತ್ತೋ?’ ಅಂದ್ರು.

ನಮ್ಮದು ಸಕಲೇಶಪುರ ತಾಲ್ಲೂಕು. ಬಿಸಿಲೆ ಕಡೆ ಹೋಗೋ ದಾರಿಯಲ್ಲಿ ಒಂದು ಗುರುತಿನ ಕಲ್ಲಿದೆ. ಅದರ ಒಂದು ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ. ಇನ್ನೊಂದು ಕಡೆ ಬಿದ್ದದ್ದು ಕುಮಾರಧಾರ, ನೇತ್ರಾವತಿ ಸೇರಿ ಮಂಗಳೂರಿನ ಕಡಲಿಗೆ. ಚಿಕ್ಕಂದಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋಗೋವಾಗೆಲ್ಲ ಅಪ್ಪ ಜೀಪ್ ನಿಲ್ಲಿಸಿ ಅದನ್ನು ತೋರಿಸ್ತಿದ್ರು. ಹಾಗಾಗಿ ಈ ಪ್ರಶ್ನೆ ಅವರ ಬಾಯಲ್ಲಿ ಬಂದದ್ದು ನನಗೇನೂ ವಿಚಿತ್ರ ಅನ್ನಿಸಲಿಲ್ಲ.

ಹುಡುಕಿ ನೋಡಿದ್ರೆ ಉತ್ತರ ಮಜವಾಗಿದೆ. ಬೊಹಿನ್ ಕೆರೆಯ ನೀರು ಪಕ್ಕದಲ್ಲೇ ಇರೋ ಏಡ್ರಿಯಾಟಿಕ್‌ಗೆ ಹೋಗೋದೇ ಇಲ್ಲ. ಸಾವಾ ನದಿಯಾಗಿ ಪೂರ್ವಕ್ಕೆ ಹರಿದು, ಬೆಲ್‌ಗ್ರೇಡ್‌ನಲ್ಲಿ ಡ್ಯಾನ್ಯೂಬ್ ಸೇರಿ, ಅಷ್ಟು ದೂರದ ಕಪ್ಪು ಸಮುದ್ರಕ್ಕೆ ಬೀಳುತ್ತೆ. ಥೇಟ್ ನಮ್ಮ ಹೇಮಾವತಿಯ ಬುದ್ಧಿ! ಏಡ್ರಿಯಾಟಿಕ್‌ಗೆ ಹೋಗೋ ನದಿ ಬೆಟ್ಟದ ಆಚೆ ಬದಿಯದು, ಸೋಚಾ. ಎರಡೂ ನೀರಿನ ನಡುವಿನ ಏಣು ದಾಟೋಕೆ ವರ್ಶಿಚ್ ಅಂತ ಒಂದು ಘಾಟಿ ಇದೆ, ಎತ್ತರ 1,611 ಮೀಟರ್. ಈ ಕಡೆ ಇಳಿದ ನೀರು ಸಾವಾಕ್ಕೆ, ಆ ಕಡೆ ಇಳಿದದ್ದು ಸೋಚಾಕ್ಕೆ. ಅಷ್ಟು ಹೇಳಿದ್ದೇ ತಡ, ‘ಹಂಗಾದ್ರೆ ಅಲ್ಲಿಗೆ ಹೋಗಲೇಬೇಕು ಕಣೋ’ ಅಂದ್ರು ಅಪ್ಪ. ಬೆಟ್ಟ ಹತ್ತೋದು ಕಾರು ತಾನೇ, ನಾನೂ ಹ್ಞೂಂ ಅಂದೆ.

ತಕರಾರು ಬಂದಿದ್ದು ಅಮ್ಮನಿಂದ. ವರ್ಶಿಚ್‌ನಲ್ಲಿ ನಂಬರ್ ಹಾಕಿದ ತಿರುವುಗಳೇ ಐವತ್ತು. ಹತ್ತೋವಾಗ ಇಪ್ಪತ್ನಾಲ್ಕು, ಇಳಿಯೋವಾಗ ಇಪ್ಪತ್ತಾರು. ಹತ್ತೋ ಕಡೆ ತಿರುವುಗಳಿಗೆ ಕಲ್ಲು ಹಾಸಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ರಷ್ಯನ್ ಸೈನಿಕರ ಕೈಲಿ ಕಟ್ಟಿಸಿದ ರಸ್ತೆ ಇದು. 1916ರ ಮಾರ್ಚ್‌ನಲ್ಲಿ ಹಿಮ ಕುಸಿದು ಅವರಲ್ಲಿ ಎಷ್ಟೋ ಜನ ಸತ್ತರು, ಅವರ ನೆನಪಿನ ಮರದ ಪ್ರಾರ್ಥನಾಮಂದಿರ ದಾರಿಬದಿಯಲ್ಲೇ ಇದೆ. ನಾನು ಈ ಚರಿತ್ರೆ ಹೇಳ್ತಿದ್ರೆ ಅಮ್ಮನ ಕಿವಿಗೆ ಬಿದ್ದದ್ದು ‘ಐವತ್ತು’ ಅನ್ನೋದೊಂದೇ. ಶಿರಾಡಿ ಇಳಿಯೋಕೇ ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಬೇಕು ಅವರಿಗೆ.

ಅಮ್ಮನಿಗೋಸ್ಕರ ಘಾಟಿ ಬಿಡೋದಾ, ಅಪ್ಪನಿಗೋಸ್ಕರ ಅಮ್ಮನ್ನ ಗೋಳು ಹೊಯ್ಕೊಳ್ಳೋದಾ? ಒಂದು ವಾರ ಇದೇ ಆಯ್ತು. ಆಮೇಲೆ ರೈಲು ಸಿಕ್ತು. ಬೊಹಿನ್ ಕೆರೆ ಹತ್ತಿರದ ಬಿಸ್ತ್ರಿತ್ಸಾ ಸ್ಟೇಷನ್ನಿಂದ 1906ರಲ್ಲಿ ಶುರುವಾದ ಹಳೇ ರೈಲುದಾರಿಯೊಂದು ಆರು ಕಿಲೋಮೀಟರ್‌ಗಿಂತ ಉದ್ದದ ಸುರಂಗದಲ್ಲಿ ಅದೇ ಬೆಟ್ಟಸಾಲನ್ನು ತೂರಿಕೊಂಡು ಸೋಚಾ ಕಣಿವೆಗೆ ಇಳಿಯುತ್ತೆ. ನೋವಾ ಗೋರಿತ್ಸಾ ಊರಿಗೆ ಸ್ವಲ್ಪ ಮುಂಚೆ ಸೋಲ್ಕಾನ್ ಸೇತುವೆ ಮೇಲೆ ನದಿ ದಾಟುತ್ತೆ. ಒಂದೇ ಕಮಾನು 85 ಮೀಟರ್ ಅಗಲ. ರೈಲು ಓಡೋ ಕಲ್ಲಿನ ಸೇತುವೆಗಳಲ್ಲಿ ಇಷ್ಟು ದೊಡ್ಡ ಕಮಾನು ಬೇರೆಲ್ಲೂ ಇಲ್ಲ. ಇಳಿದ ಸ್ಟೇಷನ್ನಿನ ಎದುರಿನ ಚೌಕದಲ್ಲೇ ಗಡಿ, ಅರ್ಧ ಸ್ಲೊವೇನಿಯ, ಅರ್ಧ ಇಟಲಿ. ಷೆಂಗೆನ್ ವೀಸಾ ಇದ್ದವರು ನಡೆದೇ ಇಟಲಿಗೆ ಹೋಗಿ ಬರಬಹುದು.

‘ಸರಿ ಬಿಡು, ನಾನೂ ನಿನ್ನ ಹೆಂಡ್ತಿನೂ ರೈಲಲ್ಲಿ ಬರ್ತೀವಿ. ನೀವಿಬ್ರೂ ಘಾಟಿ ಸುತ್ಕೊಂಡು ಬನ್ನಿ’ ಅಂದ್ರು ಅಮ್ಮ. ಅವರದ್ದು ಒಂದೂಕಾಲು ಗಂಟೆ ಸುಮಾರಿನ ದಾರಿ, ನಮ್ಮದು ನಾಲ್ಕು ಗಂಟೆಯಾದ್ರೂ ಬೇಕು. ಅವರು ಮಧ್ಯಾಹ್ನದ ರೈಲು ಹಿಡಿದ್ರೆ ಆಯ್ತು. ಫೋನ್ ಇಡೋ ಮುಂಚೆ ಅಪ್ಪ ಆಚೆ ಹೋಗಿದ್ದಾರಾ ಅಂತ ನೋಡಿ, ದನಿ ಇಳಿಸಿ ಹೇಳಿದ್ರು: ‘ತೋಟದ ವಿಷಯ ಕಾರಲ್ಲೇ ಮಾತಾಡು. ಮನೇಲಿ ಆದ್ರೆ ಎದ್ದು ಹೋಗ್ತಾರೆ.’

ತೋಟ ಕೊಳ್ಳೋಕೆ ಜನ ಬರ್ತಾ ಇದ್ದಾರೆ. ಅಪ್ಪನಿಗೆ ಕೊಡೋಕೆ ಮನಸ್ಸಿಲ್ಲ, ಮಾಡೋಕೆ ಮೈಯಲ್ಲಿ ಆಗ್ತಿಲ್ಲ. ನಾನು ವಾಪಸ್ ಬರ್ತೀನಾ ಅಂತ ಅವರು ಇವತ್ತಿನವರೆಗೂ ಬಾಯಿಬಿಟ್ಟು ಕೇಳಿಲ್ಲ. ನಾವಿಬ್ಬರೇ ನಾಲ್ಕು ಗಂಟೆ ಒಟ್ಟಿಗೆ ಕೂತದ್ದು ನನ್ನನ್ನು ಬಿಇಗೆ ಸೇರಿಸೋಕೆ ಮೈಸೂರಿಗೆ ಬಸ್ಸಲ್ಲಿ ಕರ್ಕೊಂಡು ಹೋದಾಗ. ಅವತ್ತು ಹೊಳೆನರಸೀಪುರದವರೆಗೂ ಇಬ್ಬರೂ ಮಾತಾಡಿರಲಿಲ್ಲ.

ಉಳಿದದ್ದೆಲ್ಲ ಸಲೀಸು. ಆಸ್ಟ್ರಿಯದ ಹೈವೇಗೆ ವಿನ್ಯೆಟ್ ಕೊಳ್ಳಬೇಕು, ಟೌವರ್ನ್ ಮತ್ತು ಕಾರವಾಂಕನ್ ಸುರಂಗಗಳಿಗೆ ಅದು ಸಾಲದು, ಬೇರೆ ದುಡ್ಡು. ಸ್ಲೊವೇನಿಯಕ್ಕೆ ಕಾರಿನ ನಂಬರ್ ಕೊಟ್ಟು ಆನ್‌ಲೈನಲ್ಲೇ ಇನ್ನೊಂದು. ಶನಿವಾರ ಹೊರಡಲೇಬಾರದು, ಅರ್ಧ ಜರ್ಮನಿ ಅವತ್ತೇ ಸಮುದ್ರಕ್ಕೆ ಹೊರಟಿರುತ್ತೆ. ಹೋಟೆಲ್ ಬದಲು ಅಡುಗೆಮನೆ ಇರೋ ಮನೆಗಳನ್ನೇ ನೋಡಿದ್ದೀನಿ, ರೈಸ್ ಕುಕ್ಕರ್ ಡಿಕ್ಕಿಯಲ್ಲಿರುತ್ತೆ. ಬ್ಲೆಡ್ ಕೆರೆ ನಡುವಿನ ದ್ವೀಪದ ಚರ್ಚಿಗೆ 99 ಮೆಟ್ಟಿಲು. ಅದು ದಡದಿಂದಲೇ ಚೆನ್ನಾಗಿ ಕಾಣುತ್ತೆ. ಬೊಹಿನ್‌ನಲ್ಲಿ ಮಳೆ ಜಾಸ್ತಿಯಂತೆ ಅಂತ ನನ್ನ ಹೆಂಡತಿಗೆ ಚಿಂತೆ. ಬಿಸಿಲೆ ಕಡೆಯವರಿಗೆ ಮಳೆ ಲೆಕ್ಕಕ್ಕುಂಟಾ?

ಪಿರಾನ್‌ನ ಹಳೇ ಊರೊಳಗೆ ಹೊರಗಿನವರ ಕಾರು ಬಿಡಲ್ಲ. ಊರ ಹೊರಗೆ ನಿಲ್ಲಿಸಿ ಬಸ್ಸಲ್ಲಿ ಹೋಗಬೇಕು, ಅದಕ್ಕೇ ಚೌಕದ ಪಕ್ಕದಲ್ಲೇ ಮನೆ ಹುಡುಕಿದೆ. ನಾಲ್ಕನೇ ದಿನ ಪೂರ್ತಿ ಅಲ್ಲಿ ಸುಮ್ನೆ ಕೂರೋದು ಅಂತ ಇತ್ತು. ನಿನ್ನೆ ಅಪ್ಪ ಮತ್ತೆ ಫೋನ್ ಮಾಡಿ, ಸೋಚಾ ಸಮುದ್ರ ಸೇರೋ ಜಾಗ ಎಲ್ಲಿ ಬರುತ್ತೆ ಅಂತ ಕೇಳಿದ್ರು. ಅದು ಇಟಲಿಯಲ್ಲಿ, ಅಲ್ಲಿ ಹೆಸರೂ ಬೇರೆ, ಇಸೊಂಜೊ ಅಂತಾರೆ ಅಂದೆ. ‘ಹೆಸರು ಏನಾದ್ರೂ ಇರಲಿ, ಎಷ್ಟು ದೂರ?’ ಅಂದ್ರು. ಪಿರಾನ್‌ನಿಂದ ಒಂದು ಗಂಟೆ. ಸೇರಿಸಿದ್ದೀನಿ.