ಕೋವಿಯ ಸದ್ದು, ಕಿವಿಯ ಕಾಪು: ಕೊಡಗಿನಿಂದ ಹಿರೇಗುಂಟನೂರಿಗೆ

ಮಡಿಕೇರಿ
ಸೆಪ್ಟೆಂಬರ್, ಕೈಲ್‌ಪೊಳ್ದ್ ಕಳೆದ ವಾರ

ಹಿರೇಗುಂಟನೂರಿನ ಪೂಜ್ಯ ಅಣ್ಣನವರಿಗೂ ಅತ್ತಿಗೆಯವರಿಗೂ,

ಪ್ರತಿವರ್ಷ ಸೆಪ್ಟೆಂಬರ್ 3ರಂದು ಕೊಡಗಿನಲ್ಲಿ ನಡೆಯುವ ಕೈಲ್‌ಪೊಳ್ದ್ ಭತ್ತದ ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆಯ ಹಬ್ಬವಾಗಿದ್ದು, ಅಂದು ಮನೆಯ ಕೋವಿಗಳನ್ನು ಒರೆಸಿ ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟು, ‘ತೋಕ್ ಪೂ’ ಎಂದು ಕರೆಯುವ ಕೆಂಪು-ಹಳದಿ ಬಣ್ಣದ ಕಾಡುಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜಿಸುತ್ತಾರೆ. ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿಕರಿಯ ಊಟವಾದ ಬಳಿಕ ಊರ ಮೈದಾನದಲ್ಲಿ ಸೇರಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದೇಶದ ಉಳಿದವರು ಪಡೆಯಲೇಬೇಕಾದ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದ್ದು, 2021ರಲ್ಲಿ ರಾಜ್ಯದ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮಗು ಹುಟ್ಟಿದಾಗ, ಮನೆಯಲ್ಲಿ ಸಾವಾದಾಗ, ಸುಗ್ಗಿಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರಿಸುವ ಈ ನಾಡಿನಲ್ಲಿ ಕೋವಿಯ ಸದ್ದು ಬದುಕಿನ ಒಳಗಿನದೇ ಆಗಿದೆ.

ಹಬ್ಬದ ಉಳಿದ ವರ್ಣನೆ ಇನ್ನೊಂದು ಪತ್ರಕ್ಕಿರಲಿ. ಅಣ್ಣನವರ ಮಗಳು ಎನ್‌ಸಿಸಿ ಸೇರಿ, ಮುಂದಿನ ಶಿಬಿರದಲ್ಲಿ .22 ರೈಫಲ್ ಹಿಡಿಯಲಿರುವುದರಿಂದ, ಕೊಡಗಿನ ಮೈದಾನಗಳು ನೆನಪಿಗೆ ತರುವ ಒಂದು ವಿಷಯವನ್ನು ಇಲ್ಲಿ ವಿವರವಾಗಿ ಬರೆಯುವುದು ಅಗತ್ಯವೆನಿಸುತ್ತದೆ. ಕೋವಿ ಹಿಡಿಯಲು ಕಲಿಯುವವರಿಗೆ ಕಣ್ಣು, ಭುಜ, ಉಸಿರು, ಬೆರಳು ಇವುಗಳ ಪಾಠವನ್ನು ಹಿರಿಯರು ತಪ್ಪದೆ ಹೇಳಿಕೊಡುತ್ತಾರೆ, ಕಿವಿಯ ಪಾಠ ಮಾತ್ರ ಎಷ್ಟೋ ಕಡೆ ಬಿಟ್ಟುಹೋಗುತ್ತದೆ. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಕೆಂಬ ನಂಬಿಕೆ ಇಂದಿಗೂ ಬಲವಾಗಿದೆ. ಹತ್ತಿಯ ಎಳೆಗಳ ನಡುವೆ ಗಾಳಿ ಸುಲಭವಾಗಿ ಹಾಯುವುದರಿಂದ ಅದು ತಡೆಯುವ ಸದ್ದು ತೀರ ಕಡಿಮೆ.

ಶಬ್ದದ ಮಟ್ಟವನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎನ್ನುತ್ತಾರೆ. ಈ ಅಳತೆಯಲ್ಲಿ 20 ಏರಿದರೆ ಕಿವಿಯ ಮೇಲೆ ಬೀಳುವ ಒತ್ತಡ ಹತ್ತು ಪಟ್ಟು ಏರಿದಂತೆ. ಸಾಧಾರಣ ಮಾತುಕತೆ ಸುಮಾರು 60 ಡೆಸಿಬೆಲ್ ಇದ್ದರೆ, ನಮ್ಮ ದೇಶದ ನಿಯಮವು ಪಟಾಕಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 145 ಡೆಸಿಬೆಲ್‌ನ ಗರಿಷ್ಠ ಮಟ್ಟವನ್ನು ಮೀರುವ ಪಟಾಕಿಗಳನ್ನು ನಿಷೇಧಿಸಿದೆ. .22 ರೈಫಲ್‌ನ ಸದ್ದು ಹಾರಿಸುವವರ ಕಿವಿಯ ಬಳಿ 140ರ ಆಸುಪಾಸಿನಲ್ಲಿರುತ್ತದೆ. 12 ಬೋರಿನ ತೋಟಾ ಕೋವಿಯದು 150ನ್ನು ದಾಟುತ್ತದೆ. ದೊಡ್ಡ ತೋಟಾ ಬಳಸುವ ರೈಫಲ್‌ಗಳದು 160ನ್ನೂ ಮೀರುತ್ತದೆ. ಕ್ಷಣಮಾತ್ರದ ಸ್ಫೋಟದ ಸದ್ದಿಗೆ 140 ಡೆಸಿಬೆಲ್ ಎಂಬುದು ಬರಿಗಿವಿ ದಾಟಬಾರದ ಗಡಿಯೆಂದು ಔದ್ಯೋಗಿಕ ಸುರಕ್ಷತೆಯ ನಿಯಮಗಳು ಒಪ್ಪಿಕೊಂಡಿರುವುದರಿಂದ, ಅತಿ ಸೌಮ್ಯವೆನಿಸುವ ರೈಫಲ್ ಕೂಡ ಆ ಗಡಿಯ ಮೇಲೆಯೇ ನಿಂತಿರುತ್ತದೆ. ತಗಡಿನ ಮಾಡಿನ ಕೆಳಗೆ ಅಥವಾ ಗೋಡೆಗಳ ನಡುವೆ ಹಾರಿಸಿದಾಗ ಸದ್ದು ಮರುಧ್ವನಿಸಿ ಮತ್ತಷ್ಟು ಕೆಡುಕಾಗುತ್ತದೆ. ಹಿಂದೊದೆತವನ್ನು ತಗ್ಗಿಸಲು ನಳಿಗೆಯ ತುದಿಗೆ ಜೋಡಿಸುವ ಮಜಲ್ ಬ್ರೇಕ್ ಎಂಬ ಭಾಗವು ಭುಜಕ್ಕೆ ಸುಖ ಕೊಟ್ಟರೂ, ಬಿಸಿ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿ, ಹಾರಿಸುವವರ ಮತ್ತು ಪಕ್ಕದಲ್ಲಿರುವವರ ಕಿವಿಗೆ ಹೆಚ್ಚಿನ ಹೊಡೆತ ಕೊಡುತ್ತದೆ.

ಒಳಗಿವಿಯಲ್ಲಿರುವ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಕಾಕ್ಲಿಯಾ ಎಂಬ ಅಂಗದಲ್ಲಿ ಸುಮಾರು 15,000 ರೋಮಕೋಶಗಳಿದ್ದು, ಸದ್ದಿನ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸುವವು ಅವೇ. ಒಮ್ಮೆ ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ದೊಡ್ಡ ಸದ್ದಿಗೆ ಕಿವಿಯೊಳಗಿನ ಚಿಕ್ಕ ಸ್ನಾಯುವೊಂದು ಬಿಗಿದುಕೊಂಡು ಒಂದಿಷ್ಟು ರಕ್ಷಣೆ ನೀಡುವುದುಂಟು, ಆದರೆ ಅದು ಬಿಗಿಯಲು ಹತ್ತಾರು ಮಿಲಿಸೆಕೆಂಡುಗಳು ಬೇಕಾಗುತ್ತವೆ, ಕೋವಿಯ ಸದ್ದಾದರೋ ಒಂದು ಮಿಲಿಸೆಕೆಂಡಿನೊಳಗೆ ತುತ್ತತುದಿಗೆ ಏರಿಬಿಡುತ್ತದೆ. ಹೀಗಾಗಿ ದೇಹದ ಸ್ವಂತ ಕಾವಲು ಇಲ್ಲಿ ಯಾವಾಗಲೂ ತಡವಾಗಿ ಬರುತ್ತದೆ. ಹಾನಿ ಮೊದಲು ಕಾಣುವುದು 3000ದಿಂದ 6000 ಹರ್ಟ್ಜ್ ವರೆಗಿನ ತಾರಕ ಸ್ವರಗಳಲ್ಲಿ, ವಿಶೇಷವಾಗಿ 4000 ಹರ್ಟ್ಜ್‌ನ ಸುತ್ತ. ಮಾತಿನ ಗಟ್ಟಿತನ ಕೇಳಿಸಿದರೂ ಸಕಾರ, ಶಕಾರ, ತಕಾರಗಳು ಬಿಟ್ಟುಹೋಗಿ, ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’ ಎಂಬ ಸ್ಥಿತಿ ಬರುತ್ತದೆ. ಜೊತೆಗೆ ಸದ್ದಿಲ್ಲದ ಹೊತ್ತಿನಲ್ಲೂ ಗುಂಯ್ ಎನ್ನುವ ಕಿವಿಮೊರೆತ ಅನೇಕರಿಗೆ ಖಾಯಂ ಆಗಿ ಉಳಿಯುತ್ತದೆ. ಬಲಭುಜಕ್ಕೆ ಕೋವಿ ಆನಿಸುವವರ ಎಡಗಿವಿ ನಳಿಗೆಯ ತುದಿಗೆ ಹತ್ತಿರವಿದ್ದು, ಬಲಗಿವಿ ತಲೆಯ ಮರೆಯಲ್ಲಿರುವುದರಿಂದ, ಎಡಗಿವಿಯೇ ಹೆಚ್ಚು ಕೆಡುವುದು ವೈದ್ಯರಿಗೆ ಪರಿಚಿತವಾದ ಲಕ್ಷಣ.

ರಕ್ಷಣೆಯ ಸಾಧನಗಳಲ್ಲಿ ಅತ್ಯಂತ ಅಗ್ಗವಾದದ್ದು ಫೋಮ್‌ನ ಇಯರ್ ಪ್ಲಗ್, ಅಂದರೆ ಒತ್ತಿದರೆ ಕುಗ್ಗಿ ಬಿಟ್ಟರೆ ಮೆಲ್ಲಗೆ ಉಬ್ಬುವ ಕಿವಿಬೆಣೆ. ಇದರ ಗುಣ ವಸ್ತುವಿನಲ್ಲಿರುವುದಕ್ಕಿಂತ ಹಾಕುವ ಕೈಯಲ್ಲಿದೆ. ಒಣಗಿದ ಶುಚಿಯಾದ ಬೆರಳುಗಳಿಂದ ಅದನ್ನು ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆದು, ತಲೆಯ ಹಿಂದಿನಿಂದ ಇನ್ನೊಂದು ಕೈ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಡೊಂಕಾದ ಕಿವಿನಾಳ ನೇರವಾದಾಗ ಒಳಗೆ ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷದಷ್ಟು ಬೆರಳಿನಿಂದ ಹಿಡಿದಿರಬೇಕು. ಹೊರಗೆ ಚಾಚಿಕೊಂಡ ಪ್ಲಗ್ ಅರೆಬರೆ ಕೆಲಸ ಮಾಡುತ್ತದೆ. ಸರಿಯಾಗಿ ಕೂತಾಗ ತನ್ನ ಮಾತೇ ತಲೆಯೊಳಗೆ ಗುಡುಗಿದಂತೆ ಕೇಳಿಸುವುದು ಅದರ ಗುರುತು. ಮಕ್ಕಳ ಕಿವಿನಾಳ ಚಿಕ್ಕದಾದ್ದರಿಂದ ಅವರಿಗೆ ಚಿಕ್ಕ ಅಳತೆಯದೇ ಬೇಕು.

ಎರಡನೆಯದು ಇಯರ್ ಮಫ್, ಎಂದರೆ ಇಡೀ ಕಿವಿಯನ್ನು ಮುಚ್ಚುವ, ತಲೆಪಟ್ಟಿಗೆ ಜೋಡಿಸಿದ ಎರಡು ಬಟ್ಟಲುಗಳು. ಹಾಕುವುದು ಸುಲಭ, ತಪ್ಪುವುದೂ ಅಷ್ಟೇ ಸುಲಭ. ಗುರಿ ಹಿಡಿಯುವವರು ಕೆನ್ನೆಯನ್ನು ಕೋವಿಯ ಕುಂದದ ಮೇಲೆ ಒತ್ತಿ ಇಡುವಾಗ, ದಪ್ಪ ಬಟ್ಟಲಿನ ಕೆಳಅಂಚು ಕುಂದಕ್ಕೆ ತಾಗಿ ಮೆಲ್ಲಗೆ ಮೇಲೇಳುತ್ತದೆ. ಗುರಿಯ ಮೇಲೆ ಮನಸ್ಸಿಟ್ಟವರಿಗೆ ಆ ಸೀಳು ಗಮನಕ್ಕೆ ಬರುವುದಿಲ್ಲ, ಸದ್ದು ಮಾತ್ರ ಅಲ್ಲಿಂದಲೇ ನುಗ್ಗುತ್ತದೆ. ಆದ್ದರಿಂದ ರೈಫಲ್‌ಗೆ ಬೇಕಾದದ್ದು ಕೆಳಭಾಗ ತೆಳುವಾದ ಬಟ್ಟಲು, ಅದನ್ನು ಅಂಗಡಿಯಲ್ಲಿ ನೆಟ್ಟಗೆ ನಿಂತು ಪರೀಕ್ಷಿಸದೆ, ಗುರಿ ಹಿಡಿಯುವ ಭಂಗಿಯಲ್ಲೇ ಕೆನ್ನೆ ಬಾಗಿಸಿ ಪರೀಕ್ಷಿಸಬೇಕು. ಕನ್ನಡಕದ ಕಡ್ಡಿ, ಜುಮುಕಿ, ಕಿವಿಯ ಮೇಲೆ ಬಿದ್ದ ಕೂದಲು, ಟೋಪಿಯ ಅಂಚು ಇವೆಲ್ಲವೂ ಮೆತ್ತೆಯ ಕೆಳಗೆ ಸಂದು ಮಾಡುತ್ತವೆ. ಮಗಳು ಕನ್ನಡಕ ಹಾಕುವವಳಾದ್ದರಿಂದ ಅವಳಿಗೆ ಮಫ್ ಒಂದನ್ನೇ ನಂಬಿಸುವುದು ಸರಿಯಲ್ಲ. ಹಿರೇಗುಂಟನೂರಿನ ಬಿಸಿಲಿಗೆ ಮೆತ್ತೆ ಗಡಸಾಗಿ ಬಿರುಕು ಬಿಡುವುದರಿಂದ ಅದನ್ನು ಆಗಾಗ ನೋಡಿ ಬದಲಿಸಬೇಕು.

ಪೊಟ್ಟಣದ ಮೇಲಿನ ಅಂಕಿ ಕೊಳ್ಳುವವರನ್ನು ಹೆಚ್ಚಾಗಿ ದಾರಿತಪ್ಪಿಸುತ್ತದೆ. ಎನ್‌ಆರ್‌ಆರ್ ಎಂಬುದು ಅಮೆರಿಕದ, ಎಸ್‌ಎನ್‌ಆರ್ ಎಂಬುದು ಯುರೋಪಿನ ಅಳತೆಯಾಗಿದ್ದು, ಎರಡೂ ಪ್ರಯೋಗಾಲಯದಲ್ಲಿ, ತಜ್ಞರ ಕಣ್ಣೆದುರು ಸರಿಯಾಗಿ ಹಾಕಿಕೊಂಡವರ ಕಿವಿಯಲ್ಲಿ ಕಂಡ ತಡೆಯನ್ನು ಹೇಳುತ್ತವೆ. ಒಂದರ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸಬಾರದು. ಕೆಲಸದ ಸ್ಥಳಗಳಿಗಾಗಿ ಅಮೆರಿಕದಲ್ಲಿ ಬಳಕೆಯಲ್ಲಿರುವ ಲೆಕ್ಕದಂತೆ ಎನ್‌ಆರ್‌ಆರ್‌ನಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡಿದರೆ 30ರ ಗುರುತಿನ ಸಾಧನದಿಂದ ನಂಬಬಹುದಾದ ತಡೆ 11.5 ಡೆಸಿಬೆಲ್ ಆಗುತ್ತದೆ. ಒಳಗೆ ಪ್ಲಗ್, ಮೇಲೆ ಮಫ್ ಹಾಕಿದಾಗ ಎರಡೂ ಅಂಕಿಗಳು ಕೂಡಿಕೊಳ್ಳುವುದಿಲ್ಲ. ಹೆಚ್ಚಿನದಕ್ಕೆ ಸುಮಾರು 5 ಡೆಸಿಬೆಲ್ ಸೇರುತ್ತದೆಂದು ಎಣಿಸುವುದು ವಾಡಿಕೆ, ತಲೆಬುರುಡೆಯ ಎಲುಬಿನ ಮೂಲಕವೂ ಸದ್ದು ಒಳಗಿವಿ ತಲುಪುವುದರಿಂದ ಯಾವ ಸಾಧನಕ್ಕೂ ಒಂದು ಮಿತಿ ಇದ್ದೇ ಇದೆ. ಆದರೂ ಒಂದು ಸರಿದರೆ ಇನ್ನೊಂದು ಕಾಯುತ್ತದೆ ಎಂಬ ಕಾರಣಕ್ಕೇ ಜೋಡಿ ರಕ್ಷಣೆ ಬೆಲೆಯುಳ್ಳದ್ದು. ತೋಟಾ ಕೋವಿಗೂ ದೊಡ್ಡ ರೈಫಲ್‌ಗೂ, ಮಾಡಿನ ಕೆಳಗಿನ ಯಾವ ಅಭ್ಯಾಸಕ್ಕೂ ಜೋಡಿಯೇ ಬೇಕು, ಬಯಲಿನಲ್ಲಿ .22 ಹಾರಿಸುವಾಗ ಚೆನ್ನಾಗಿ ಕೂತ ಒಂದು ಸಾಧನ ಸಾಕಾಗಬಹುದು.

ಎಲೆಕ್ಟ್ರಾನಿಕ್ ಮಫ್ ಎಂಬುದು ಹೊರಗಿನ ಮೈಕಿನಿಂದ ಮೆಲುಮಾತನ್ನು ಒಳಗೆ ಕಳಿಸಿ, ಜೋರಾದ ಸದ್ದು ಬಂದಾಗ ಆ ದಾರಿಯನ್ನು ತಕ್ಷಣ ತಗ್ಗಿಸುವ ಬಗೆ. ಬೆಲೆ ಹೆಚ್ಚಾದರೂ, ‘ನಿಲ್ಲಿಸಿ’ ಎಂಬ ಆಜ್ಞೆ ಕೇಳಿಸದೆ ಹೋಗುವ ಭಯವನ್ನು ಅದು ತೆಗೆಯುತ್ತದೆ, ಆ ಭಯದಿಂದಲೇ ಮಫ್ ಸರಿಸಿಕೊಳ್ಳುವವರು ಬಹಳ. ಬ್ಯಾಟರಿ ಮುಗಿದರೂ ಬಟ್ಟಲು ಬಟ್ಟಲಾಗಿಯೇ ಕೆಲಸ ಮಾಡುತ್ತದೆ.

ನೋಡಲು ಬಂದವರ ಕಿವಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪಂದ್ಯದ ಮೈದಾನದಲ್ಲಿ ಗುರಿಕಾರರ ಪಕ್ಕದಲ್ಲಿ ನಿಂತ ಮಗುವಿಗೆ ಯಾವ ಈಡು ಯಾವಾಗ ಬೀಳುವುದೆಂದು ತಿಳಿಯದು; ಬೆರಳು ಕಿವಿಗೆ ಏರುವಷ್ಟರಲ್ಲಿ ಸದ್ದು ಒಳಗೆ ಹೋಗಿರುತ್ತದೆ. ಕೊಡಗಿನಷ್ಟು ಕೋವಿ ಬಲ್ಲ ನಾಡೇ ಪ್ರತಿ ಪಂದ್ಯದ ಬಾಗಿಲಲ್ಲಿ ಪ್ಲಗ್ ಹಂಚುವ ಪದ್ಧತಿಯನ್ನು ಎಲ್ಲರಿಗಿಂತ ಮೊದಲು ಹಾಕಿಕೊಡುವುದು ಶೋಭೆ ತರುವ ಕೆಲಸ.

ನಮ್ಮ ಸೀಮೆಗೂ ಮದ್ದಿನ ಸದ್ದು ಹೊಸತಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳು ಇನ್ನೂ ಉಳಿದಿವೆ. ಭೀಮಸಮುದ್ರದ ಕಡೆಯ ಅದಿರು ಗಣಿಗಳಲ್ಲಿ ದುಡಿಯುವವರಿಗೆ ಯಂತ್ರಗಳ ಸದ್ದು ನಿತ್ಯದ್ದು, ಅಂಥವರಿಗೂ ಇದೇ ಪ್ಲಗ್, ಇದೇ ಮಫ್ ಬೇಕು. ಕೊಳ್ಳುವಾಗ ಭಾರತೀಯ ಮಾನಕ ಐಎಸ್ 9167 ಅಥವಾ ಯುರೋಪಿನ ಇಎನ್ 352ರ ಗುರುತು ಇದೆಯೇ ಎಂದು ನೋಡಬೇಕು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದು, ಶ್ರವಣ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟ. ಅಣ್ಣನವರು ದಯವಿಟ್ಟು ಮಗಳನ್ನು ಶಿಬಿರಕ್ಕೆ ಕಳಿಸುವ ಮೊದಲೇ ಅಲ್ಲಿಗಾಗಲಿ ದುರ್ಗದ ಜಿಲ್ಲಾಸ್ಪತ್ರೆಗಾಗಲಿ ಕರೆದೊಯ್ದು ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ ಎಂಬುದರ ನಕ್ಷೆ, ತೆಗೆಸಿ ಇಟ್ಟುಕೊಳ್ಳಬೇಕು. ಮುಂದೆ ಹೋಲಿಸಿ ನೋಡಲು ಅದೇ ಆಧಾರ. ಅವಳ ಚೀಲದಲ್ಲಿ ತೆಳುಬಟ್ಟಲಿನ ಒಂದು ಮಫ್, ಒಂದು ಪೊಟ್ಟಣ ಫೋಮ್ ಪ್ಲಗ್ ಇರಲಿ. ಮೊದಲ ಈಡಿಗೂ ಅವಳು ಬರಿಗಿವಿಯಲ್ಲಿ ನಿಲ್ಲದಿರಲಿ.